ಬೆಟ್ಟಕ್ಕೆ ಕೈಮುಗಿದರೆ ಸಾಕೇ?

ಮಾನವನು ದೇವಾಲಯವನ್ನು ಕಟ್ಟುವ ಮೊದಲೇ ಬೆಟ್ಟಕ್ಕೆ, ನದಿಗೆ, ಮರಕ್ಕೆ ಕೈಮುಗಿದಿದ್ದನು. ಈ ಭಾವನೆಯು ಅಜ್ಞಾನವೋ, ಅರಿವಿನ ಮೊದಲ ಮೆಟ್ಟಿಲೋ? ಈ ಪ್ರಶ್ನೆಯನ್ನು ನಮ್ಮ ನೆಲದಲ್ಲಿಯೇ ನಿಂತು ವಿಚಾರಿಸೋಣ.

ಹಂಪೆಯಲ್ಲಿ ಪಂಪೆ ಎಂಬುದು ನದಿಯ ಹೆಸರೂ ಹೌದು, ವಿರೂಪಾಕ್ಷನ ಅರ್ಧಾಂಗಿಯ ಹೆಸರೂ ಹೌದು. ಫಲಪೂಜೆಯೆಂದು ಅವರ ನಿಶ್ಚಿತಾರ್ಥವು ಇಂದಿಗೂ ನಡೆಯುತ್ತದೆ. ಹೊಸಪೇಟೆಯ ಜಲಾಶಯವು ತುಂಬಿದಾಗ ತುಂಗಭದ್ರೆಗೆ ಬಾಗಿನ ಸಲ್ಲುತ್ತದೆ. ಆ ನದಿಯ ಕಾಲುವೆಗಳೇ ಕಂಪ್ಲಿಯ ಗದ್ದೆಗಳಿಗೆ ನೀರುಣಿಸುತ್ತವೆ. ಸಂಡೂರಿನ ಬೆಟ್ಟವು ತಾರಕಾಸುರನನ್ನು ಸಂಹರಿಸಿದ ಕುಮಾರಸ್ವಾಮಿಯ ನೆಲೆಯೆಂದು ಜನರ ನಂಬುಗೆ. ಅದಕ್ಕೆ ಲೋಹಾಚಲವೆಂಬ ಹಳೆಯ ಹೆಸರೂ ಉಂಟು. ಲೋಹವೂ ದೈವವೂ ಒಂದೇ ಗಿರಿಯಲ್ಲಿವೆ.

ಜಪಾನಿನ ಶಿಂತೋ ಸಂಪ್ರದಾಯವು ಇದಕ್ಕೆ ಬಹು ಸಮೀಪವಾದುದು. ಬೆರಗು ಹುಟ್ಟಿಸುವ ಗಿರಿ, ಜಲಪಾತ, ವೃದ್ಧವೃಕ್ಷಗಳಲ್ಲಿ ‘ಕಾಮಿ’ ಎಂಬ ದೈವಶಕ್ತಿಯು ನೆಲೆಸಿದೆಯೆಂದು ಅವರು ಭಾವಿಸುತ್ತಾರೆ. ನಾರಾ ಪ್ರಾಂತದ ಓಮಿವಾ ದೇವಾಲಯಕ್ಕೆ ಗರ್ಭಗೃಹವೇ ಇಲ್ಲ. ಹಿಂದಿರುವ ಮಿವಾ ಬೆಟ್ಟವೇ ಆರಾಧ್ಯವಸ್ತು. ಆದರೂ ೧೯೦೬ರಲ್ಲಿ ಅಲ್ಲಿನ ಸರ್ಕಾರವು ಸಣ್ಣ ಗುಡಿಗಳನ್ನು ವಿಲೀನಗೊಳಿಸಲು ಆಜ್ಞೆ ಹೊರಡಿಸಿದಾಗ ಸಾವಿರಾರು ಗುಡಿಗಳು ಇಲ್ಲವಾದವು. ಅನೇಕ ದೇವರ ಬನಗಳು ಕೊಡಲಿಗೆ ಬಲಿಯಾದವು. ಅದನ್ನು ಪ್ರತಿಭಟಿಸಿದ ನಿಸರ್ಗವಿಜ್ಞಾನಿ ಮಿನಾಕತಾ ಕುಮಗುಸು ಅವರು ೧೯೧೦ರಲ್ಲಿ ಸೆರೆವಾಸವನ್ನೂ ಅನುಭವಿಸಿದರು. ದೈವವೆಂದು ಕರೆದ ಮಾತ್ರಕ್ಕೆ ಮರವು ಉಳಿಯಲಿಲ್ಲ.

ನಮ್ಮಲ್ಲಿ ಆದುದೂ ಅದೇ. ಕುಮಾರಸ್ವಾಮಿಗೆ ಹಣ್ಣುಕಾಯಿ ಅರ್ಪಿಸುತ್ತಲೇ ಅವನ ಬೆಟ್ಟಸಾಲನ್ನು ಅಗೆದು ಲಾರಿಗಳಿಗೆ ತುಂಬಿದೆವು. ಬಳ್ಳಾರಿಯ ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಗುಡಿಯೇ ೨೦೦೬ರಲ್ಲಿ ಗಣಿಗಾರಿಕೆಯ ಸ್ಫೋಟಕ್ಕೆ ತುತ್ತಾಯಿತು. ೨೦೧೧ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ, ವರ್ಷಕ್ಕೆ ಇಂತಿಷ್ಟೇ ಅದಿರೆಂದು ಮಿತಿಯನ್ನು ವಿಧಿಸಿತು. ಭಕ್ತಿಯು ಹಾಕಬೇಕಾಗಿದ್ದ ಎಲ್ಲೆಯನ್ನು ನ್ಯಾಯಾಲಯವು ಹಾಕಬೇಕಾಯಿತು. ಅದಿರು ತೆಗೆಯುವ ಕಾರ್ಮಿಕನ ಕಾಯಕವನ್ನು ನಾವು ಹಳಿಯುವುದಿಲ್ಲ. ನಮ್ಮ ನೇಗಿಲ ಕುಳವೂ ಕಬ್ಬಿಣವೇ. ದೋಷವಿರುವುದು ಕಬ್ಬಿಣದಲ್ಲಲ್ಲ, ಸಾಕೆನ್ನದ ಆಶೆಯಲ್ಲಿ.

“ಸ್ಥಾವರವು ದೇವರಲ್ಲವೆಂದು ಶರಣರೇ ಸಾರಿದರಲ್ಲ, ಹಾಗಾದರೆ ಬೆಟ್ಟವನ್ನು ಅಗೆದರೆ ದೋಷವೇನು?” ಎಂದು ಕೆಲವರು ಕೇಳಬಹುದು. ಶರಣರು ಮರಕಲ್ಲುಗಳ ಭಯದಿಂದ ಭಕ್ತನನ್ನು ಬಿಡಿಸಿದರೇ ಹೊರತು, ಮರಕಲ್ಲುಗಳನ್ನು ಆಶೆಯ ಬಾಯಿಗೆ ಒಪ್ಪಿಸಲಿಲ್ಲ. ಸತ್ಯಶುದ್ಧವಾಗಿ ದುಡಿಯಬೇಕು, ಬೇಕಾದಷ್ಟನ್ನೇ ಬಳಸಬೇಕು, ಉಳಿದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬುದು ಅವರ ನೀತಿ. ನಾಳೆ ಹುಟ್ಟುವ ಮಕ್ಕಳ ಪಾಲನ್ನು ಇಂದೇ ಮಾರಿಕೊಳ್ಳುವುದು ಯಾವ ದಾಸೋಹ?

ಆದುದರಿಂದ ವಾಚಕರೇ, ಬೆಟ್ಟದಲ್ಲಿ ದೇವರನ್ನು ಕಾಣುವವರು ಕೈಮುಗಿದು ಹಿಂದಿರುಗಿದರೆ ಸಾಲದು. ಕಾಣದವರು ತಮಗೆ ಹೊಣೆಯಿಲ್ಲವೆಂದು ತಿಳಿಯಲೂ ಬಾರದು. ದೇವರನ್ನು ಅಂಗೈಯಲ್ಲಿಯೇ ಧರಿಸಿದವನ ಹೊಣೆಯಂತೂ ಇಮ್ಮಡಿಯಾಯಿತು. ಲಿಂಗವನ್ನು ಹಿಡಿಯುವ ಆ ಕೈಯೇ ಅಲ್ಲವೇ ಗಳಿಕೆಯನ್ನು ಎಣಿಸುವುದು?