ಚಾಟ್ನಿ ಮತ್ತು ಹಿಮ

ಯಜಮಾನರನ್ನು ಮಣ್ಣು ಮಾಡಿದ ಮೂರನೇ ದಿನ ಖಾನಾಪುರದ ನಮ್ಮ ಮನೆಗೆ ಹಿರಿಯರೊಬ್ಬರು ಬಂದು ಯೊವಾನ್ನರ ಶುಭಸಂದೇಶದ 15ನೇ ಅಧ್ಯಾಯ ನೆನಪಿಸಿದರು. ಅಲ್ಲಿ ಯೇಸು ದ್ರಾಕ್ಷಿಬಳ್ಳಿ, ಪಿತನು ತೋಟಗಾರ. ಫಲ ಕೊಡುವ ಕೊಂಬೆಯನ್ನೂ ಆತ ಸವರುತ್ತಾನೆ, ಇನ್ನಷ್ಟು ಫಲ ಬರಲೆಂದು. "ನಿಮ್ಮನ್ನೂ ದೇವರು ಹಂಗ ಸವರಿದಾನ್ರಿ ಬಾಯಿ" ಎಂದರು. ತಲೆಯಾಡಿಸಿ ಚಹಾ ಕೊಟ್ಟೆ. ಮಾತು ಗಂಟಲಲ್ಲಿ ಇಳಿಯಲಿಲ್ಲ.

ಬೆಳಗಾವಿಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವಳು ನಾನು. ಆದರೂ ಹಿಂದೊಮ್ಮೆ ಹಟಕ್ಕೆ ಬಿದ್ದು ಹಿತ್ತಲಲ್ಲಿ ದ್ರಾಕ್ಷಿ ಹಬ್ಬಿಸಿದ್ದೆ. ಮಲಪ್ರಭೆ ಹುಟ್ಟುವ ಕಣಕುಂಬಿ ನಮ್ಮದೇ ತಾಲ್ಲೂಕು. ಜೂನಿನಲ್ಲಿ ಹಿಡಿದ ಮಳೆ ಬಿಡುವುದೇ ಇಲ್ಲ. ದಾವಣಿ ರೋಗ ಬಿದ್ದು ಎಲೆಯಡಿಯೆಲ್ಲ ಬಿಳಿ ಬೂಷ್ಟು. ಇದು ಭತ್ತ, ಗೇರಿನ ಸೀಮೆ. ದ್ರಾಕ್ಷಿ ನೋಡಲು ಅಥಣಿ, ತಿಕೋಟಾ ಕಡೆಗೇ ಹೋಗಬೇಕು.

ತಿಕೋಟಾದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ತೋಟವಿದೆ. ಒಂದು ಅಕ್ಟೋಬರಿನಲ್ಲಿ ಹೋದಾಗ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ನಡೆದಿತ್ತು. ವರ್ಷಕ್ಕೆ ಎರಡು ಚಾಟ್ನಿ: ಏಪ್ರಿಲಿನದು ಹೊಸ ಕಡ್ಡಿ ಬರಲಿಕ್ಕೆ, ಅಕ್ಟೋಬರಿನದು ಹಣ್ಣಿಗೆ. ಆಳು ಕಡ್ಡಿಯ ಬುಡದಿಂದ ಕಣ್ಣು ಎಣಿಸಿ ಕತ್ತರಿ ಹಾಕುತ್ತಿದ್ದ. ಹಿಂದೆ ಬಂದವಳು ಉಳಿದ ಕಣ್ಣುಗಳಿಗೆ ಪೇಸ್ಟ್ ಹಚ್ಚುತ್ತಿದ್ದಳು. ಬಳ್ಳಿಯನ್ನು ಗಾಢವಾಗಿ ಮಲಗಿಸುವಂಥ ಚಳಿ ನಮ್ಮಲ್ಲಿಲ್ಲ. ಕಣ್ಣುಗಳು ಒಂದೇ ಸಮಕ್ಕೆ ಒಡೆಯಲೆಂದು ಈ ಔಷಧ. "ಇಷ್ಟ ಕತ್ತರಸ್ತೀರಲ್ಲೋ" ಎಂದೆ. "ಎಲ್ಲಿ ಕತ್ತರಸಬೇಕು ಅಂತ ಗೊತ್ತಿದ್ದವಗಷ್ಟ ಕತ್ತರಿ ಕೊಡ್ತೀವ್ರಿ ಅಕ್ಕೋರ" ಎಂದ.

ಫ್ರಾನ್ಸಿನ ಶಾಬ್ಲಿ, ಶಾಂಪೇನ್ ಸೀಮೆಗಳಲ್ಲಿ ಬಳ್ಳಿಯನ್ನು ಚಳಿಗಾಲವೇ ಮಲಗಿಸುತ್ತದೆ. ಸವರುವುದೂ ಆ ನಿದ್ದೆಯಲ್ಲೇ. ಶಾಂಪೇನಿನ ವರ್ಷದ ಸರಾಸರಿ ಉಷ್ಣತೆ ಸುಮಾರು 11 ಡಿಗ್ರಿ. ತಂಪಿನಲ್ಲಿ ನಿಧಾನ ಮಾಗುವ ಹಣ್ಣಿನಲ್ಲಿ ಹುಳಿ ಉಳಿಯುತ್ತದೆ; ಆ ಹುಳಿಯೇ ಅಲ್ಲಿನ ವೈನಿನ ಜೀವ. ಕಷ್ಟಪಟ್ಟ ಬಳ್ಳಿಯೇ ಒಳ್ಳೆಯ ವೈನ್ ಕೊಡುತ್ತದೆಂಬ ಮಾತೂ ವೈನ್ ಮಾಡುವವರಲ್ಲಿದೆ. ನಮ್ಮ ಹಿರಿಯರ ಕಿವಿಗೆ ಬಿದ್ದಿದ್ದರೆ ಅದನ್ನೂ ಹೇಳಿಬಿಡುತ್ತಿದ್ದರು.

ಆದರೆ ಏಪ್ರಿಲಿನಲ್ಲಿ ಎಳೆ ಚಿಗುರಿನ ಮೇಲೆ ಹಿಮ ಕೂರುವ ರಾತ್ರಿ, ಆ ಮಾತು ನಂಬಿ ಯಾವ ರೈತನೂ ಮಲಗುವುದಿಲ್ಲ. 2021ರ ಏಪ್ರಿಲಿನಲ್ಲಿ ಶಾಬ್ಲಿಯವರು ಸಾಲುಗಳ ನಡುವೆ ಮೇಣದ ಡಬ್ಬಿ ಹಚ್ಚಿಟ್ಟು ಕಾದರು. ಕೆಲವರು ಚಿಗುರಿಗೆ ನೀರು ಸಿಂಪಡಿಸುತ್ತಾರೆ; ನೀರು ಹೆಪ್ಪುಗಟ್ಟುತ್ತ ಬಿಡುವ ಕಾವೇ ಚಿಗುರನ್ನು ಕಾಯುತ್ತದೆ. ಅಷ್ಟೆಲ್ಲ ಮಾಡಿದರೂ ಆ ವರ್ಷ ಬಹಳಷ್ಟು ಚಿಗುರು ಕಪ್ಪಾಗಿ ಹೋಯಿತು.

ಹಿರಿಯರು ಎಡವಿದ್ದು ಇಲ್ಲೇ. ಶುಭಸಂದೇಶದ ತೋಟಗಾರನ ಕೈಯಲ್ಲಿರುವುದು ಕಣ್ಣು ಎಣಿಸಿ ಹಾಕುವ ಕತ್ತರಿ. ನಮ್ಮ ಮನೆಗೆ ಬಂದದ್ದು ಹಿಮ, ಅದು ಎಣಿಸುವುದಿಲ್ಲ. ಹಾಗಾದರೆ ಹಿಮ ಕಳಿಸಿದವರು ಯಾರು? ಪ್ರತಿ ಭಾನುವಾರ ಪೂಜೆಯಲ್ಲಿ ಗುರುಗಳು ದ್ರಾಕ್ಷಾರಸದ ಪಾತ್ರೆ ಮೇಲೆತ್ತಿದಾಗ ಇದನ್ನೇ ಕೇಳುತ್ತೇನೆ. ಉತ್ತರ ಬಂದಿಲ್ಲ, ಕೇಳುವುದನ್ನೂ ಬಿಟ್ಟಿಲ್ಲ. ಆದರೆ ನಡುರಾತ್ರಿ ಸಾಲಿನಿಂದ ಸಾಲಿಗೆ ಡಬ್ಬಿ ಹಚ್ಚುತ್ತ ಹೋಗುವ ಕೈಯಲ್ಲಿ ದೇವರಿದ್ದಾನೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಪಕ್ಕದ ಮನೆಯ ಮರಾಠಿ ಅಜ್ಜಿ ಒಂಬತ್ತು ದಿನ ಬಿಸಿ ಗಂಜಿ ತಂದಳು. ದೇವರ ವಿಷಯ ಒಂದಕ್ಷರ ಆಡಲಿಲ್ಲ. ನಾನು ಉಣ್ಣುವವರೆಗೆ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಸಾವಾದ ಮನೆಗೆ ಹೋಗುವವರಲ್ಲಿ ನನ್ನದೊಂದೇ ಬಿನ್ನಹ: ಕತ್ತರಿಯ ಮಾತು ಬೇಡ, ಗಂಜಿ ಒಯ್ಯಿರಿ.