ಹಾಡು ಕೇಳುವ ಮೊದಲು ಹೆಸರು ಕೇಳುವವರು

ಝೀ ಟಿವಿಯಲ್ಲಿ 1995ರಲ್ಲಿ ಆರಂಭವಾದ 'ಸರೆಗಮ' ಕಾರ್ಯಕ್ರಮವನ್ನು ನಾನು ಪಾಠಕ್ಕೆ ಕುಳಿತವನಂತೆ ನೋಡುತ್ತಿದ್ದೆ. ಸೋನು ನಿಗಮ್‌ರ ನಿರೂಪಣೆ, ಸಂಗೀತ ಬಲ್ಲ ಹಿರಿಯರ ತೀರ್ಪು. ಸೋತವರ ಹಾಡೂ ಮನಸ್ಸಿನಲ್ಲಿ ಉಳಿಯುತ್ತಿತ್ತು.

2005ರ 'ಸರೆಗಮಪ ಚಾಲೆಂಜ್'ನಲ್ಲಿ ತೀರ್ಪು ನೋಡುಗರ ಎಸ್ಸೆಮ್ಮೆಸ್ಸಿಗೆ ಬಂತು. ಜನರಿಗೆ ಅಧಿಕಾರ ಸಿಕ್ಕಿತೆಂದು ಹಿಗ್ಗಿದೆ. ಆದರೆ ಅಸ್ಸಾಮಿನ ದೇಬೋಜಿತ್ ಸಾಹಾ ಗೆದ್ದಾಗ ನಾನು ಚರ್ಚಿಸಿದ್ದು ಅವರ ಸ್ವರವನ್ನಲ್ಲ, ಓಟು ಹಾಕಿದ ಪ್ರದೇಶವನ್ನು. ದೂರದ ಮೂಲೆಯ ಜನ ತಮ್ಮವನಿಗಾಗಿ ಸಂಭ್ರಮಿಸಿದ್ದು ಅಪರಾಧವೇನಲ್ಲ. ಕೆಟ್ಟಿದ್ದು ನನ್ನ ಕಿವಿ. ಹಾಡು ಮುಗಿಯುವ ಮೊದಲೇ ಅದು ಹಾಡುಗಾರನ ಊರನ್ನು ವಿಚಾರಿಸತೊಡಗಿತ್ತು.

ಊರನ್ನು ವಿಚಾರಿಸುವ ಕಿವಿ ಧರ್ಮವನ್ನು ವಿಚಾರಿಸದೆ ಬಿಟ್ಟೀತೇ? 2017ರಲ್ಲಿ ಕನ್ನಡದ 'ಸರೆಗಮಪ' ವೇದಿಕೆಯಲ್ಲಿ ಮುಸ್ಲಿಂ ಯುವತಿಯೊಬ್ಬಳು ಹಿಂದೂ ಭಕ್ತಿಗೀತೆ ಹಾಡಿದಳು. ನಮ್ಮವರೇ ಕೆಲವರು ಫೇಸ್‌ಬುಕ್‌ನಲ್ಲಿ ಅವಳನ್ನೂ ಹೆತ್ತವರನ್ನೂ ನಿಂದಿಸಿದರು. ಇನ್ನು ಕೆಲವರು ಸೌಹಾರ್ದದ ಪ್ರತೀಕವೆಂದು ಕೊಂಡಾಡಿದರು. ಎರಡೂ ಕಡೆಯವರು ಕೇಳಿದ್ದು ಅವಳ ಹೆಸರನ್ನು. ಶ್ರುತಿ ಹೇಗಿತ್ತೆಂದು ಕೇಳಿದವರು ವಿರಳ.

ಅಂದು ನಿಂದಕರ ಮೇಲೆ ನನಗೆ ಸಿಟ್ಟು ಬಂದಿತ್ತು. ಆಮೇಲೆ ನಾಚಿಕೆಯಾಯಿತು. ಅವರು ಮಾಡಿದ್ದನ್ನೇ ನಾನು ಹಿಂದೆ ಸಣ್ಣ ಪ್ರಮಾಣದಲ್ಲಿ ಮಾಡಿದ್ದೆನಲ್ಲವೇ?

ಸ್ವಂತ ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯಕ್ಕೆ ಸಾಕ್ಷಿಗಳಾಗಬೇಕೆಂದು ಕುರ್‌ಆನ್ ಆದೇಶಿಸುತ್ತದೆ. ಆ ಆದೇಶವನ್ನು ನಾವು ನ್ಯಾಯಾಲಯಕ್ಕೂ ಆಸ್ತಿ ಹಂಚಿಕೆಗೂ ಮೀಸಲಿಟ್ಟಿದ್ದೇವೆ. ಟಿವಿ ಮುಂದೆ ಕುಳಿತು ಯಾರದೋ ಮಗುವಿಗೆ ಅಂಕ ಹಾಕುವವನಿಗೂ ಅದು ಅನ್ವಯಿಸುತ್ತದೆ. ಈಗ ನಾನು ಹಾಡು ಮುಗಿಯುವವರೆಗೆ ಕಣ್ಣು ಮುಚ್ಚಿ ಕುಳಿತುಕೊಳ್ಳುತ್ತೇನೆ. ಹೆಸರನ್ನು ಆಮೇಲೆ ಕೇಳಿದರಾಯಿತು.