ಹಸಿದವನ ಒಪ್ಪಿಗೆ

ಹಸಿದವನು ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೆ? ಐರ್ಲೆಂಡಿನ ಕ್ಷಾಮದ ಚರಿತ್ರೆ ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆಯಿದು.

1845ರಲ್ಲಿ ಅಲ್ಲಿನ ಬಟಾಟೆ ಬೆಳೆಗೆ ರೋಗ ತಗಲಿತು. ನಮ್ಮ ಅಡಿಕೆ ತೋಟದ ಕೊಳೆರೋಗದ ದಾಯಾದಿಯೇ ಅದು. ಎರಡೂ ಫೈಟಾಫ್ತೊರ ಕುಲಕ್ಕೆ ಸೇರಿದವು. ಬಟಾಟೆಯೊಂದನ್ನೇ ತಿಂದು ಬದುಕುತ್ತಿದ್ದ ಬಡ ಒಕ್ಕಲುಗಳಿಗೆ ಬೇರೆ ಆಹಾರವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಆ ಹೊತ್ತಿನಲ್ಲೂ ಧಾನ್ಯ, ದನಗಳು ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು.

ಸ್ಟ್ರೋಕ್ಸ್‌ಟೌನ್ ಎಂಬಲ್ಲಿಯ ಜಮೀನ್ದಾರ ಮೇಜರ್ ಡೆನಿಸ್ ಮಹೋನ್. ಒಕ್ಕಲುಗಳನ್ನು ಸರಕಾರದ ಬಡವರ ಆಶ್ರಯಗೃಹದಲ್ಲಿ ಸಾಕುವ ಖರ್ಚಿಗಿಂತ ಕೆನಡಾಕ್ಕೆ ಕಳುಹಿಸುವುದು ಅಗ್ಗವೆಂದು ಅವನ ಕಾರ್ಯಸ್ಥ ಲೆಕ್ಕ ಹಾಕಿಕೊಟ್ಟ. 1847ರಲ್ಲಿ ಆ ಜನ ಡಬ್ಲಿನ್‌ವರೆಗೆ ನಡೆದು, ಲಿವರ್‌ಪೂಲಿಗೆ ದಾಟಿ ಹಡಗು ಹತ್ತಿದರು. ಅವರನ್ನು ಒಯ್ದ ಹಡಗುಗಳಲ್ಲಿ ‘ವರ್ಜೀನಿಯಸ್’ ಒಂದು. ಅದರಲ್ಲಿದ್ದ 476 ಮಂದಿಯಲ್ಲಿ 158 ಮಂದಿ ಕಡಲಲ್ಲೇ ತೀರಿಕೊಂಡರು. ಅದೇ ನವೆಂಬರಿನಲ್ಲಿ ಮಹೋನ್ ಗುಂಡೇಟಿಗೆ ಬಲಿಯಾದ. ಅದರಿಂದ ಯಾವ ಲೆಕ್ಕವೂ ಚುಕ್ತಾ ಆಗಲಿಲ್ಲವೆನ್ನಿ.

ಕೆನಡಾದಿಂದ ಮರ ತರುತ್ತಿದ್ದ ಹಡಗುಗಳು ಖಾಲಿ ಹಿಂದಿರುಗುವ ಬದಲು ಜನರನ್ನು ತುಂಬಿಕೊಳ್ಳುತ್ತಿದ್ದವು. ಟೈಫಸ್ ಜ್ವರ ಹೇನಿನಿಂದ ಹರಡುವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ, ನಿಜ. ಆದರೆ ಇಕ್ಕಟ್ಟು, ಕೊಳಕು, ಕೆಟ್ಟ ನೀರು ಕಣ್ಣಿಗೆ ಕಾಣದ ಸಂಗತಿಗಳೆ? ಸ್ಟೀಫನ್ ಡಿ ವೀರ್ ಎಂಬ ಭೂಮಾಲಿಕ ಕುಟುಂಬದವನು 1847ರಲ್ಲಿ ತಾನೇ ಕೆಳ ಅಂತಸ್ತಿನಲ್ಲಿ ಬಡವರೊಂದಿಗೆ ಪಯಣಿಸಿ, ಕಂಡದ್ದನ್ನು ಬರೆದು ತಿಳಿಸಿದ. ನೋಡಬೇಕೆಂದವನಿಗೆ ಕಂಡಿತು.

‘ಅವರಾಗಿಯೇ ಹತ್ತಿದರಲ್ಲ’ ಎಂಬ ವಾದವೊಂದಿದೆ. ಬ್ಯಾಂಕಿನ ಮೇಜಿನಲ್ಲಿ ಕುಳಿತು ಕಾಗದಗಳಿಗೆ ರುಜು ಹಾಕಿಸುವುದು ನನ್ನ ದಿನನಿತ್ಯದ ಕೆಲಸ. ರುಜು ಬಿತ್ತೆಂದರೆ ಒಪ್ಪಿಗೆ ಎಂಬುದು ಕಾನೂನು. ಆದರೆ ಮನೆಯಲ್ಲಿ ಸಾವು, ಕಡಲಲ್ಲಿ ಪ್ರಾಯಶಃ ಸಾವು ಎಂಬೆರಡರಲ್ಲಿ ಒಂದನ್ನು ಆರಿಸಿದವನ ರುಜು, ಹಡಗಿನ ಒಡೆಯನ ಹೊಣೆಯನ್ನು ಅಳಿಸೀತೆ? ನನಗೆ ಹಾಗೆ ತೋರುವುದಿಲ್ಲ. ಬೇರೆ ದಾರಿಯಿಲ್ಲದವನು ಕೈಗೆ ಸಿಕ್ಕಾಗ ನಮ್ಮ ಹೊಣೆ ಹೆಚ್ಚುತ್ತದೆ.

ವಿಧಿ ಎನ್ನೋಣವೆಂದರೆ ‘ಜೀನಿ ಜಾನ್ಸ್ಟನ್’ ಅಡ್ಡ ಬರುತ್ತದೆ. ಅದೂ ಮರ ಸಾಗಿಸುವ ಹಡಗೇ. 1848ರಿಂದ 1855ರವರೆಗೆ 16 ಬಾರಿ ಅಟ್ಲಾಂಟಿಕ್ ದಾಟಿದರೂ ಒಬ್ಬ ಪ್ರಯಾಣಿಕನೂ ಸಾಯಲಿಲ್ಲ. 1847ರ ಜ್ವರದ ಉಬ್ಬರ ಇಳಿದ ಮೇಲೆ ಹೊರಟದ್ದೆಂಬುದನ್ನು ಮರೆಯಬಾರದು. ಆದರೂ ಅದರ ಮಾಲಿಕ ಒಬ್ಬ ವೈದ್ಯನನ್ನು ನೇಮಿಸಿದ್ದ.

ಕ್ವಿಬೆಕ್ ಸಮೀಪದ ಗ್ರೋಸ್ ಈಲ್ ದ್ವೀಪದಲ್ಲಿ 1847ರ ಒಂದೇ ವರ್ಷ 5000ಕ್ಕೂ ಹೆಚ್ಚು ಜನರನ್ನು ಹೂಳಲಾಯಿತು. 1909ರಲ್ಲಿ ಅಲ್ಲಿ ಕಲ್ಲಿನ ಶಿಲುಬೆಯೊಂದನ್ನು ನಿಲ್ಲಿಸಿದರು. ಬರಹ ಮೂರು ಭಾಷೆಗಳಲ್ಲಿದೆ. ಇಂಗ್ಲಿಷ್, ಫ್ರೆಂಚ್ ಬರಹಗಳು ಇವರು ಧರ್ಮನಿಷ್ಠೆಗಾಗಿ ಹಸಿವು, ಗಡೀಪಾರು ಸಹಿಸಿದರೆನ್ನುತ್ತವೆ. ಐರಿಷ್ ಬರಹ ಮಾತ್ರ, ಪರಕೀಯ ದಬ್ಬಾಳಿಕೆಯ ಕಾನೂನುಗಳಿಂದಲೂ ಮನುಷ್ಯರೇ ತಂದ ಕ್ಷಾಮದಿಂದಲೂ ಓಡಿ ಬಂದವರೆನ್ನುತ್ತದೆ. ಅಲ್ಲಿ ಮಲಗಿದವರಲ್ಲಿ ಅನೇಕರ ಮನೆಮಾತು ಅದೇ ಆಗಿತ್ತು.